ಮಾರ್ಥಳಿಗೆ ಮಾತು, ಮರಿಯಳಿಗೆ ಕಣ್ಣೀರು

‘ದೇವರ ಚಿತ್ತ ಕಣಮ್ಮ, ಏನು ಮಾಡೋಕಾಗುತ್ತೆ’ ಅಂತ 2021ರ ಮೇ ತಿಂಗಳಲ್ಲಿ ನನಗೆ ಫೋನು ಮಾಡಿ ಹೇಳದವರಿಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಮನೆಯವರು ಹೋಗಿದ್ದರು. ದೇಹ ಹಾಸನದ ಮನೆಗೆ ಬರಲೇ ಇಲ್ಲ. ಸಮಾಧಿಯ ಹತ್ತಿರ ನಿಂತವರು ಬೆರಳೆಣಿಕೆಯಷ್ಟು. ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಮಾಸ್ಕಿನೊಳಗಿಂದಲೇ ಪ್ರಾರ್ಥಿಸಿ ಮುಗಿಸಿದರು. ಫೋನು ಮಾಡಿದವರೆಲ್ಲ ಒಳ್ಳೆಯವರೇ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬೈಬಲ್ಲು ಮುಚ್ಚಿಟ್ಟುಬಿಡೋಣ ಅನ್ನಿಸುತ್ತಿತ್ತು.

ಮುಚ್ಚಿಡಲು ಬಿಡದಿದ್ದದ್ದು ಅದೇ ಬೈಬಲ್ಲಿನ ಕೀರ್ತನೆಗಳ ಪುಸ್ತಕದ 88ನೇ ಕೀರ್ತನೆ. ಕೀರ್ತನೆಗಳು ಒಟ್ಟು 150. ಅದರಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಗೋಳು, ದೂರು, ದೇವರ ಜೊತೆ ಜಗಳ. ನಾವು ಮಾತ್ರ ಸಮಾಧಾನ, ಸ್ತುತಿಯ 23, 103, 121 ಇಷ್ಟನ್ನೇ ಓದಿ ಎದ್ದುಬಿಡುತ್ತೇವೆ. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆ ತಿರುಗಿಕೊಳ್ಳುವುದೇ ಹೆಚ್ಚು. 88 ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ದೇವರು ಮುಖ ಮರೆಸಿಕೊಂಡಿದ್ದಾನೆ ಎಂದು ಕೂಗಾಡಿದವನ ಪ್ರಾರ್ಥನೆಯನ್ನೂ ಕಿತ್ತುಹಾಕದೆ ಉಳಿಸಿಕೊಂಡಿದ್ದಾರಲ್ಲ, ಹಾಗಾದರೆ ನನ್ನ ಸಿಟ್ಟಿಗೂ ಇಲ್ಲಿ ಜಾಗವಿದೆ ಅನ್ನಿಸಿತು. ಎಷ್ಟೋ ರಾತ್ರಿ ಅದನ್ನೇ ಗಟ್ಟಿಯಾಗಿ ಓದಿಕೊಂಡಿದ್ದೇನೆ.

ಇನ್ನೊಂದು ಆಸರೆ ಪಕ್ಕದ ಬೀದಿಯ ಅಜ್ಜಿ. ಶೆಟ್ಟಿಹಳ್ಳಿ ಕಡೆಯ ಕ್ಯಾಥೊಲಿಕರು, ಹೇಮಾವತಿ ಹಿನ್ನೀರಿಗೆ ಊರು ಬಿಟ್ಟು ಬಂದವರು. ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಅಲ್ಲಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ (ಈಗ ಎಲ್ಲರಿಗೂ ಅದು ಫೋಟೊ ಜಾಗ). ಲಾಕ್‌ಡೌನ್ ಸಡಿಲವಾದ ಮೇಲೆ ಅಜ್ಜಿ ಬಂದರು. ‘ಉಂಡ್ಯೇನವ್ವ?’ ಅಂದರು. ಉತ್ತರಕ್ಕೆ ಕಾಯದೆ ಸಿಂಕಿನಲ್ಲಿದ್ದ ಪಾತ್ರೆ ತೊಳೆದಿಟ್ಟು, ಗೋಡೆಗೊರಗಿ ಕೂತು ಜಪಸರ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ) ಶುರು ಮಾಡಿದರು. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪ್ರೊಟೆಸ್ಟಂಟರು, ಜಪಸರ ನಮ್ಮಲ್ಲಿಲ್ಲ. ಯೇಸುವಿನ ತಾಯಿಯನ್ನು ಕರೆಯುವ ‘ನಮೋ ಮರಿಯಾ’ ಬಂದಾಗ ಸುಮ್ಮನಿದ್ದು, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಬಂದಾಗ ನಾನೂ ದನಿಗೂಡಿಸಿದೆ. ಬಾಯಿಪಾಠದ ಪ್ರಾರ್ಥನೆ ಎಂದರೆ ನಮ್ಮವರಲ್ಲಿ ಕೆಲವರಿಗೆ ತಾತ್ಸಾರ. ಸ್ವಂತದ್ದೊಂದು ಮಾತೂ ಹೊರಡದ ದಿನ ನನ್ನ ಬಾಯಿಗೆ ಬಂದದ್ದು ಅದೊಂದೇ.

ಈಗ ನಮ್ಮ ಚರ್ಚಿನ ಸಭೆಯ ಹೆಂಗಸರ ಜೊತೆ ನಾನೂ ಸಾವಿನ ಮನೆಗೆ, ಆಸ್ಪತ್ರೆ ವಾರ್ಡಿಗೆ ಹೋಗುತ್ತೇನೆ. ಹೊರಡುವ ಮುಂಚೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿಕೊಳ್ಳುತ್ತೇನೆ. ಮಾರ್ಥ, ಮರಿಯ ಎಂಬ ಅಕ್ಕತಂಗಿಯರ ತಮ್ಮ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾದ ಮೇಲೆ ಯೇಸುಸ್ವಾಮಿ ಅವರ ಊರು ಬೇಥಾನ್ಯಕ್ಕೆ ಬರುತ್ತಾರೆ. ಮಾರ್ಥ ಎದುರುಹೋಗಿ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಆಮೇಲೆ ಬಂದ ಮರಿಯಳದ್ದೂ ಅದೇ ಮಾತು. ಮಾರ್ಥಳ ಹತ್ತಿರ ಸ್ವಾಮಿ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಎದ್ದುಬರುವ ಮಾತಾಡುತ್ತಾರೆ. ಮರಿಯಳಿಗೆ ಆ ಉಪದೇಶವಿಲ್ಲ, ಅವಳ ಅಳು ನೋಡಿ ತಾವೂ ಅಳುತ್ತಾರೆ. ಅಕ್ಕತಂಗಿಯರ ದೂರು ಒಂದೇ, ಸಿಕ್ಕಿದ್ದು ಬೇರೆಬೇರೆ. ಎದುರಿಗೆ ಕೂತವರು ಮಾರ್ಥಳೋ ಮರಿಯಳೋ ಅಂತ ತಿಳಿಯುವುದರಲ್ಲೇ ನನ್ನ ಕೆಲಸದ ಮುಕ್ಕಾಲು ಪಾಲು ಇದೆ.

ತಿಳಿಯುವುದು ಹೇಗೆ? ‘ಯಾಕೆ ಹಿಂಗಾಯ್ತು’ ಅಂತ ಕೇಳಿ ನನ್ನ ಮುಖವನ್ನೇ ನೋಡುತ್ತಾ ಕಾದರೆ ಉತ್ತರ ಬೇಕಾಗಿದೆ ಅಂತ ಅರ್ಥ. ನನಗೆ ತಿಳಿದಷ್ಟು, ನಾನು ನಂಬಿದಷ್ಟು ನೇರವಾಗಿ ಹೇಳುತ್ತೇನೆ. ‘ಮತ್ತೆ ಸಿಕ್ತಾರಾ?’ ಅಂದರೆ ‘ಸಿಕ್ತಾರೆ ಅಂತ ನಂಬಿದೀನಿ’ ಅಂತೀನಿ. ಗೋಡೆ ನೋಡುತ್ತಾ ಕೇಳಿದರೆ ಬಾಯಿ ಬಿಡುವುದಿಲ್ಲ. ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕೂತಿದ್ದಷ್ಟು ಕಾಲ ಸರಿಯಾಗಿಯೇ ಇದ್ದರು. ಕೆಟ್ಟಿದ್ದು ವಿವರಣೆಗೆ ಇಳಿದ ಮೇಲೆ. ‘ದೇವರ ಚಿತ್ತ’ವನ್ನು ನಾನಾಗಿ ಎಂದೂ ಹೇಳುವುದಿಲ್ಲ. ದುಃಖದಲ್ಲಿರುವವರೇ ಹೇಳಿಕೊಂಡರೆ ಅದು ಅವರ ನಂಬಿಕೆ, ಪಕ್ಕದಲ್ಲಿ ಕೂತ ನಮಗೆ ಅದು ಸಲ್ಲದ ಮಾತು.

ಬೇರೆ ಧರ್ಮದವರ ಹತ್ತಿರ ಅವರು ಕೇಳದೆ ಪ್ರಾರ್ಥನೆಯ ಮಾತೆತ್ತುವುದಿಲ್ಲ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ದುಃಖದಲ್ಲಿರುವವರ ಕೈ ಹಿಡಿದು ಏನನ್ನಾದರೂ ಒಪ್ಪಿಸುವುದು ನನಗೆ ಹೇಸಿಗೆ. ಒಮ್ಮೆ ಕಾಫಿ ಕುಯ್ಲಿನ ಸಮಯ, ಸಕಲೇಶಪುರದ ಕಡೆ ತೋಟದ ಲೈನ್ ಮನೆಯ ಹೆಂಗಸಿನ ಗಂಡ ಆನೆ ತುಳಿದು ತೀರಿಕೊಂಡಿದ್ದ. ಆಕೆಗೆ ಬೇಕಾಗಿದ್ದದ್ದು ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ. ಅದನ್ನೆಲ್ಲ ಜೊತೆಗಿದ್ದು ಮಾಡಿಸಿದೆವು. ಕಚೇರಿಯಿಂದ ಬರುವಾಗ ಆಕೆಯೇ ಅಂದಳು, ‘ಅಕ್ಕಾ, ನಿಮ್ಮ ದೇವ್ರಿಗೂ ಒಂದ್ ಮಾತು ಹೇಳ್ಬಿಡಿ.’ ಬಸ್‌ಸ್ಟಾಂಡಿನಲ್ಲೇ ಹೇಳಿದೆ.

ಮಣ್ಣಾದ ದಿನ ಜನ ಇದ್ದೇ ಇರುತ್ತಾರೆ. ನಾವು ಎರಡು ಮೂರು ತಿಂಗಳು ಬಿಟ್ಟು ಮತ್ತೆ ಹೋಗುತ್ತೇವೆ, ನೆಂಟರೆಲ್ಲ ಹೊರಟುಹೋದ ಮೇಲೆ. ಮೊದಲ ಕ್ರಿಸ್‌ಮಸ್ಸಿಗೆ ಅಂಥ ಮನೆಗಳಲ್ಲಿ ಕರ್ಜಿಕಾಯಿ ಮಾಡುವ ಮನಸ್ಸು ಇರುವುದಿಲ್ಲ, ಒಂದು ಡಬ್ಬಿ ನಾವೇ ತಲುಪಿಸುತ್ತೇವೆ. ಹೋದವರ ಹೆಸರು ಹಿಡಿದೇ ಮಾತು ತೆಗೆಯುತ್ತೇವೆ. ಹೆಸರೆತ್ತಿದರೆ ಅತ್ತುಬಿಡುತ್ತಾರೆ ಅಂತ ನಮ್ಮ ಜೊತೆ ಹೊಸದಾಗಿ ಬರುವವರಿಗೆ ಹೆದರಿಕೆ. ಅಳುತ್ತಾರೆ, ನಿಜ. ಆಮೇಲೆ ಮೂಗೊರೆಸಿಕೊಂಡು ಅವರ ಕಥೆ ಶುರು ಮಾಡುತ್ತಾರೆ. ಅದು ಮುಗಿಯುವಷ್ಟರಲ್ಲಿ ನಮ್ಮ ಕೊನೆ ಬಸ್ಸು ಹೋಗಿರುತ್ತದೆ.