ಎಷ್ಟು ಬಿಸಿಲಾದರೆ ಬಿಸಿಗಾಳಿ? ನಿಮ್ಮ ಊರಿನ ಮಿತಿ ಲೆಕ್ಕ ಹಾಕುವ ಬಗೆ

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣಾಂಶ ಬಯಲಿನಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಬೇಕು. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲಿನಲ್ಲಿ 45 ಮುಟ್ಟಿತೋ, ವಾಡಿಕೆ ನೋಡುವ ಗೋಜಿಲ್ಲ. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಸತತ ಎರಡು ದಿನ ಹೀಗಿದ್ದರೆ, ಎರಡನೇ ದಿನ ಘೋಷಣೆ.

ರಾಯಚೂರು, ಕಲಬುರಗಿಗೆ ಈ ಅಳತೆ ಸರಿ. ಆದರೆ ಬೆಂಗಳೂರು ನಗರ ಕೇಂದ್ರದ ದಾಖಲೆಯೇ 39.2 ಡಿಗ್ರಿ (2016ರ ಏಪ್ರಿಲ್ 24). 40ಕ್ಕೆ ಕಾದು ಕೂತರೆ ಅಲ್ಲಿನ ತಗಡಿನ ಮನೆಗಳಿಗೆ ಎಚ್ಚರಿಕೆ ಹೋಗುವುದೇ ಇಲ್ಲ. ಅಂಥ ಕಡೆ ಊರಿನದೇ ಮಿತಿ ಬೇಕು.

ಒಂದೇ ಕೇಂದ್ರದ 1991–2020ರ ದಿನವಾರು ಗರಿಷ್ಠ ಉಷ್ಣಾಂಶ ತೆಗೆದುಕೊಳ್ಳಿ. ಏಪ್ರಿಲ್ 15ರ ಮಿತಿಗೆ 13ರಿಂದ 17ರವರೆಗಿನ ಐದು ದಿನ, 30 ವರ್ಷ: ಒಟ್ಟು 150 ಅಂಕಿ. ಏರಿಕೆ ಕ್ರಮದಲ್ಲಿ ಜೋಡಿಸಿ. 135ನೆಯದು ಸುಮಾರಾಗಿ 90ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ ತೊಂಬತ್ತರಷ್ಟು ಅಂಕಿಗಳು ಅದನ್ನು ಮೀರುವುದಿಲ್ಲ. ಅದೇ ಆ ದಿನದ ಮಿತಿ. ಪ್ರತಿ ದಿನಕ್ಕೂ ಹೀಗೇ ಮಾಡಿ. ಸತತ ಮೂರು ದಿನ ಆಯಾ ದಿನದ ಮಿತಿ ದಾಟಿದರೆ ಒಂದು ಘಟನೆ ಎಂದು ಎಣಿಸಿ. ಕನಿಷ್ಠ ಉಷ್ಣಾಂಶಕ್ಕೂ ಇದೇ ಲೆಕ್ಕ ಹಾಕಿ, ಬಿಡಬೇಡಿ: ರಾತ್ರಿ ತಣಿಯದಿದ್ದರೆ ಮೈ ಸುಧಾರಿಸಿಕೊಳ್ಳುವುದಿಲ್ಲ.

ಎಡವುವುದು ಇಲ್ಲೇ. ಡಿಸೆಂಬರಿನಲ್ಲಿ 29 ಡಿಗ್ರಿಯೂ ಮಿತಿ ದಾಟಬಹುದು. ಆರೋಗ್ಯ ಯೋಜನೆಗಾದರೆ ಮಾರ್ಚ್‌ನಿಂದ ಮೇವರೆಗೆ ಮಾತ್ರ ಎಣಿಸಿ. ಕೇಂದ್ರ ಜಾಗ ಬದಲಿಸಿದ್ದರೆ ಅಂಕಿಗಳಲ್ಲಿ ಮೆಟ್ಟಿಲು ಕಾಣುತ್ತದೆ, ಅದು ಹವಾಮಾನದ್ದಲ್ಲ. ಖಾಲಿ ದಿನಕ್ಕೆ 0 ತುಂಬಿದರೆ ಮಿತಿಯೇ ಕುಸಿಯುತ್ತದೆ. 1961–90ರ ಆಧಾರ ಬಿಟ್ಟು 1991–2020ಕ್ಕೆ ಬಂದರೆ ಘಟನೆಗಳ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ಸೆಖೆ ಇಳಿದಿರುವುದಿಲ್ಲ, ಅಳತೆಗೋಲು ಮೇಲೆ ಸರಿದಿರುತ್ತದೆ. ಮಂಗಳೂರಿನಂಥ ಕಡೆ ಗಾಳಿಯ ತೇವಾಂಶವನ್ನೂ ಸೇರಿಸಬೇಕು. ಬೆವರು ಆರದಿದ್ದರೆ ಅಪಾಯಕ್ಕೆ 35 ಡಿಗ್ರಿಯೇ ಸಾಕು.

ಕೊನೆಗೆ, ಗುರುತಿಸಿದ ದಿನಗಳನ್ನೂ ಅವುಗಳ ನಂತರದ ಮೂರು ದಿನಗಳನ್ನೂ ಸಾವಿನ ನೋಂದಣಿ, ಆ್ಯಂಬುಲೆನ್ಸ್ ಕರೆಗಳ ಪಕ್ಕದಲ್ಲಿಟ್ಟು ನೋಡಿ. 2010ರ ಮೇ ತಿಂಗಳ ಬಿಸಿಗಾಳಿ ಸಾವುಗಳ ನಂತರ ಅಹಮದಾಬಾದ್ 2013ರಲ್ಲಿ ತನ್ನದೇ ಬಿಸಿಲ ಯೋಜನೆ ತಂದಿತು. ಸಾವು ಏರಿದ್ದು ಮಿತಿಗಿಂತ ಕೆಳಗೇ ಆಗಿದ್ದರೆ, ಮಿತಿಯನ್ನು ಇಳಿಸಿ.