ಆಸ್ಪತ್ರೆಯ ಮೆಟ್ಟಿಲು, ಬೆಟ್ಟದ ಮೆಟ್ಟಿಲು

ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ನಲವತ್ತೇಳನೆಯ ವಯಸ್ಸಿನಲ್ಲಿ, ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.2 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಂತೆ ಎಂದು ವೈದ್ಯರು ಬಿಡಿಸಿ ಹೇಳಿದರು. ಅಂದು ಎರಡು ಗುರಿಗಳನ್ನು ಇಟ್ಟುಕೊಂಡೆ. ಮೊದಲನೆಯದು ಆ ಅಂಕಿಯನ್ನು 5.7ಕ್ಕಿಂತ ಕೆಳಗೆ ಇಳಿಸುವುದು. ಎರಡನೆಯದು, ಚಾಮುಂಡಿ ಬೆಟ್ಟದ ಪಾದದಿಂದ ತುದಿಯವರೆಗಿನ ಸಾವಿರದಷ್ಟು ಮೆಟ್ಟಿಲುಗಳನ್ನು ಎಲ್ಲಿಯೂ ಕುಳಿತುಕೊಳ್ಳದೆ ಹತ್ತುವುದು. ಬೆಳಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಬಿರುಸಿನ ನಡಿಗೆ, ವಾರಕ್ಕೆ ಎರಡು ದಿನ ಮನೆಯಲ್ಲಿ ಬಸ್ಕಿ ಮತ್ತು ಭಾರ ಎತ್ತುವ ವ್ಯಾಯಾಮ. ಸೆಪ್ಟೆಂಬರಿನಿಂದ ಜನವರಿಯವರೆಗೆ ಇದು ಹೆಚ್ಚು ಕಡಿಮೆ ತಪ್ಪದೆ ನಡೆಯಿತು, ಅಂಕಿಯೂ 5.9ಕ್ಕೆ ಇಳಿಯಿತು.

ಫೆಬ್ರುವರಿಯ ಮೊದಲ ವಾರ ನಮ್ಮ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆಯ ಕತ್ತು ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಅದರ ಬೆನ್ನಿಗೇ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತು, ಒಟ್ಟು 26 ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳು ಹತ್ತಿರವಿದ್ದುದರಿಂದ ನಾನು ಪೂರ್ತಿ ರಜೆ ಹಾಕುವಂತಿರಲಿಲ್ಲ. ಹಗಲು ಶಾಲೆ, ಸಂಜೆಯಿಂದ ಬೆಳಗಿನವರೆಗೆ ವಾರ್ಡು. ಬೆಳಗಿನ ಐದೂವರೆ ಗಂಟೆ ಎನ್ನುವುದು ನನ್ನ ದಿನದಿಂದಲೇ ಅಳಿಸಿಹೋಯಿತು.

ಮೊದಲ ಒಂಬತ್ತು ದಿನ ನಾನು ಏನನ್ನೂ ಮಾಡಲಿಲ್ಲ. ಅದಕ್ಕೆ ಈಗ ನನಗೆ ಪಶ್ಚಾತ್ತಾಪವಿಲ್ಲ, ಏಕೆಂದರೆ ಆ ದಿನಗಳಲ್ಲಿ ಅತ್ತೆಯ ಉಸಿರಾಟವನ್ನು ಬಿಟ್ಟು ಬೇರೆ ಯಾವುದರ ಕಡೆಗೂ ಗಮನ ಕೊಡುವುದು ಸಾಧ್ಯವೂ ಇರಲಿಲ್ಲ, ಸರಿಯೂ ಆಗಿರಲಿಲ್ಲ. ನಾನು ತಪ್ಪು ಮಾಡಿದ್ದು ಹತ್ತನೆಯ ದಿನ. ಅದು ಭಾನುವಾರ. ಯಜಮಾನರು ಬಂದು, ನೀನು ಮನೆಗೆ ಹೋಗಿ ಮಲಗು ಎಂದರು. ನಾನು ಮಲಗಲಿಲ್ಲ, ಕೆರೆಗೆ ಹೋದೆ. ಹೋದದ್ದು ತಪ್ಪಲ್ಲ. ಆದರೆ ಒಂಬತ್ತು ದಿನ ಬಿಟ್ಟದ್ದನ್ನೆಲ್ಲ ಒಂದೇ ಬೆಳಗಿನಲ್ಲಿ ತೀರಿಸಿಬಿಡಬೇಕೆಂಬ ಹಟದಿಂದ, ರಾತ್ರಿ ನಾಲ್ಕು ಗಂಟೆಯೂ ನಿದ್ದೆಯಿಲ್ಲದ ಮೈಯಲ್ಲಿ, ನಡೆಯುವ ಬದಲು ಓಡತೊಡಗಿದೆ. ಎರಡನೆಯ ಸುತ್ತಿನಲ್ಲಿ, ಹೆಜ್ಜಾರ್ಲೆಗಳು ಗೂಡು ಕಟ್ಟುವ ಮರಗಳ ಎದುರಿಗೆ, ಎಡಗಾಲಿನ ಮೀನಖಂಡದಲ್ಲಿ ಛಳಕ್ ಎಂದಿತು. ಐದು ದಿನ ಕುಂಟುತ್ತಲೇ ವಾರ್ಡಿಗೂ ಶಾಲೆಗೂ ಓಡಾಡಿದೆ.

ಆ ಐದು ದಿನಗಳಲ್ಲಿ ರೋಗಿಯ ಪಕ್ಕದ ಬೆಂಚಿನ ಮೇಲೆ ಕುಳಿತು ಯೋಚಿಸಲು ಬೇಕಾದಷ್ಟು ಸಮಯವಿತ್ತು. ಬಿಟ್ಟುಹೋದ ದಿನಗಳನ್ನು ನಾನು ಸಾಲವೆಂದು ಲೆಕ್ಕ ಹಾಕಿಕೊಂಡಿದ್ದೆ, ದೇಹಕ್ಕೆ ಅಂತಹ ಲೆಕ್ಕ ಗೊತ್ತಿಲ್ಲ. ಅಭ್ಯಾಸಗಳು ಹೇಗೆ ಬೇರೂರುತ್ತವೆ ಎಂಬುದರ ಬಗ್ಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಟ್ಟುಹೋಗುವುದಿಲ್ಲ ಎಂಬುದು ಅದರಲ್ಲಿ ಕಂಡುಬಂದ ಒಂದು ಮಾತು. ಅದರಿಂದ ನನಗೆ ಇನ್ನೊಂದು ವಿಷಯ ಹೊಳೆಯಿತು. ಅಭ್ಯಾಸವೆನ್ನುವುದು ಯಾವುದೋ ಒಂದು ಸೂಚನೆಗೆ, ಅಂದರೆ ದಿನವೂ ಎದುರಾಗುವ ಒಂದು ಹೊತ್ತಿಗೋ ಜಾಗಕ್ಕೋ ಕೆಲಸಕ್ಕೋ ಅಂಟಿಕೊಂಡು ಬೆಳೆಯುತ್ತದೆ. ನನ್ನ ನಡಿಗೆ ಐದೂವರೆ ಗಂಟೆಗೆ ಮತ್ತು ಕೆರೆಯ ದಾರಿಗೆ ಅಂಟಿಕೊಂಡಿತ್ತು. ಅವೆರಡೂ ಕೈಬಿಟ್ಟುಹೋದಾಗ ಅಭ್ಯಾಸಕ್ಕೆ ನಿಲ್ಲಲು ನೆಲವೇ ಇರಲಿಲ್ಲ. ಮನಸ್ಸು ಗಟ್ಟಿಯಿಲ್ಲ ಎಂದು ನನ್ನನ್ನೇ ಹಳಿದುಕೊಳ್ಳುವ ಬದಲು, ಈಗಿನ ದಿನಚರಿಯಲ್ಲಿ ತಪ್ಪದೆ ಬರುವುದು ಯಾವುದು ಎಂದು ಹುಡುಕಬೇಕಿತ್ತು.

ವಾರ್ಡಿನಲ್ಲಿ ತಪ್ಪದೆ ಬರುತ್ತಿದ್ದುದು ಔಷಧಿ ಚೀಟಿ. ವಾರ್ಡು ನಾಲ್ಕನೆಯ ಮಹಡಿಯಲ್ಲಿತ್ತು, ಔಷಧಿ ಅಂಗಡಿ ನೆಲಮಹಡಿಯಲ್ಲಿ. ಸಂಜೆಯಿಂದ ಬೆಳಗಿನೊಳಗೆ ಇಂಜೆಕ್ಷನ್, ಡ್ರಿಪ್ಪಿನ ಬಾಟಲಿ, ರಕ್ತಪರೀಕ್ಷೆಯ ಹಣ, ಬಿಸಿನೀರು ಎಂದು ಐದಾರು ಸಲವಾದರೂ ಇಳಿದು ಹತ್ತಬೇಕಾಗುತ್ತಿತ್ತು. ಚೀಟಿ ಕೈಗೆ ಬಂದರೆ ಲಿಫ್ಟಿನ ಕಡೆಗೆ ತಿರುಗುವುದಿಲ್ಲ ಎಂದು ಒಂದೇ ಒಂದು ನಿಯಮ ಮಾಡಿಕೊಂಡೆ. ಮಹಡಿಗೆ 22 ಮೆಟ್ಟಿಲು, ಒಟ್ಟು 88. ಹನ್ನೊಂದೂವರೆ ಸಲ ಹತ್ತಿದರೆ ಚಾಮುಂಡಿ ಬೆಟ್ಟದಷ್ಟು ಮೆಟ್ಟಿಲಾಗುತ್ತದೆ ಎಂದು ಗುಣಿಸಿ ನೋಡಿದಾಗ, ಕೈಬಿಟ್ಟುಹೋಯಿತು ಎಂದುಕೊಂಡಿದ್ದ ಗುರಿ ಮತ್ತೆ ಹತ್ತಿರ ಬಂದಂತೆ ಎನಿಸಿತು. ಆ ಮೆಟ್ಟಿಲುಗಳ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಕೈಗೆ ತಣ್ಣಗೆ ತಾಗುವ ಸ್ಟೀಲಿನ ಕಂಬಿ, ತಿರುವಿನಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟುಗಳು, ಫಿನೈಲಿನ ವಾಸನೆ, ಹೆಜ್ಜೆಹೆಜ್ಜೆಗೂ ಮೊಣಕಾಲಿಗೆ ಬಡಿಯುವ ಔಷಧಿಯ ಪ್ಲಾಸ್ಟಿಕ್ ಚೀಲ. ಮೊದಲ ರಾತ್ರಿ ಮೂರನೆಯ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡೆ. ವಾರ ಕಳೆಯುವಷ್ಟರಲ್ಲಿ ನಿಲ್ಲದೆ ಹತ್ತಿ, ವಾರ್ಡಿನ ಬಾಗಿಲಲ್ಲಿ ದಾದಿಗೆ ಸರಿಯಾಗಿ ಉತ್ತರ ಕೊಡುವಷ್ಟು ಉಸಿರು ಉಳಿಯುತ್ತಿತ್ತು.

ಇಷ್ಟರಿಂದ ಏನು ಪ್ರಯೋಜನ ಎಂದು ಕೇಳಬಹುದು, ನಾನೂ ಕೇಳಿಕೊಂಡಿದ್ದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಅದು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಹಾಗಾಗಿ ಎರಡೆರಡು ನಿಮಿಷದ ಹತ್ತುವಿಕೆಯೂ ಲೆಕ್ಕಕ್ಕೆ ಬರುತ್ತದೆ. ಇದಕ್ಕಿಂತಲೂ ನನಗೆ ಧೈರ್ಯ ಕೊಟ್ಟದ್ದು 1980ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು. ಹತ್ತು ವಾರ ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಕಠಿಣ ತರಬೇತಿ ಪಡೆದವರಲ್ಲಿ ಕೆಲವರಿಗೆ ಮುಂದಿನ ಹದಿನೈದು ವಾರ ದಿನಗಳನ್ನು ಕಡಿಮೆ ಮಾಡಿಸಿದರು, ಕೆಲವರಿಗೆ ನಿಮಿಷಗಳನ್ನು, ಇನ್ನು ಕೆಲವರಿಗೆ ಶ್ರಮದ ತೀವ್ರತೆಯನ್ನು. ವಾರಕ್ಕೆ ಎರಡೇ ದಿನ ಮಾಡಿದವರೂ, ದಿನಕ್ಕೆ 13 ನಿಮಿಷ ಮಾತ್ರ ಮಾಡಿದವರೂ ಗಳಿಸಿದ್ದ ಉಸಿರಾಟದ ಸಾಮರ್ಥ್ಯವನ್ನು ಉಳಿಸಿಕೊಂಡರು. ತೀವ್ರತೆಯನ್ನು ಇಳಿಸಿದವರು ಕಳೆದುಕೊಂಡರು. ನನ್ನ ಮಟ್ಟಿಗೆ ಇದರ ಅರ್ಥ ಸ್ಪಷ್ಟವಾಗಿತ್ತು: ಸಮಯವಿಲ್ಲದ ಕಾಲದಲ್ಲಿ ಸಮಯವನ್ನೇ ಕಡಿಮೆ ಮಾಡಬೇಕು, ಮಾಡುವಷ್ಟನ್ನು ಮಾತ್ರ ಮೈಮುಟ್ಟಿ ಮಾಡಬೇಕು. ಆದರೆ ರಾತ್ರಿ ನಿದ್ದೆ ತೀರ ಕೆಟ್ಟಿದ್ದರೆ ಮರುದಿನ ನಿಧಾನವಾಗಿಯೇ ಹತ್ತುತ್ತಿದ್ದೆ. ಮೀನಖಂಡದ ನೋವು ಆ ವಿವೇಕವನ್ನು ಕಲಿಸಿತ್ತು.

ಊಟದ ವಿಷಯದಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಕ್ಯಾಂಟೀನಿನ ಕಾಫಿಗೆ ಸಕ್ಕರೆ ಬೇಡವೆಂದೆ, ಸಂಜೆಯ ಬೋಂಡಾದ ಬದಲಿಗೆ ಮನೆಯಿಂದ ಹೆಸರುಕಾಳಿನ ಉಸಲಿಯ ಡಬ್ಬಿ ಬರುವಂತೆ ನೋಡಿಕೊಂಡೆ.

ಮಾರ್ಚಿನಲ್ಲಿ ಅತ್ತೆಯನ್ನು ಮನೆಗೆ ಕರೆತಂದೆವು. ಮೆಟ್ಟಿಲು ಇಲ್ಲದಾಯಿತು, ಸೂಚನೆ ಮತ್ತೆ ಬದಲಾಯಿತು. ಈ ಸಲ ನಾನು ಕಾಯಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳನ್ನು ಅತ್ತೆ ದಿನಕ್ಕೆ ಮೂರು ಸಲ ಮಾಡಬೇಕಿತ್ತು: ಮಲಗಿಯೇ ಪಾದವನ್ನು ಮುಂದಕ್ಕೂ ಹಿಂದಕ್ಕೂ ಆಡಿಸುವುದು, ಮಂಡಿಯ ಕೆಳಗೆ ಸುತ್ತಿಟ್ಟ ಟವೆಲನ್ನು ಅದುಮುವುದು, ಆಮೇಲೆ ಎತ್ತರದ ಕುರ್ಚಿಯಿಂದ ಎದ್ದು ವಾಕರ್ ಹಿಡಿದು ನಿಲ್ಲುವುದು. ಈ ಕೊನೆಯದು ಅವರಿಗೆ ಬಹಳ ಭಯ ಹುಟ್ಟಿಸುತ್ತಿತ್ತು. ಕುರ್ಚಿಯ ಅಂಚಿಗೆ ಸರಿದು ಕೂರುವರು, ವಾಕರಿನ ರಬ್ಬರ್ ಕಾಲುಗಳನ್ನೇ ದಿಟ್ಟಿಸುವರು, ಕೈ ನಡುಗುವುದು, ಏಳಲಾರರು. ಒಂದು ಸಂಜೆ ನಾನು ಇನ್ನೊಂದು ಕುರ್ಚಿಯನ್ನು ತಂದು ಅವರೆದುರು ಹಾಕಿ, "ಅತ್ತೆ, ನಾನೂ ನಿಮ್ಮ ಜೊತೆ ಏಳ್ತೀನಿ, ನೀವು ಎಣಿಸಿ" ಎಂದೆ. "ನಿಂಗ್ಯಾಕಮ್ಮ ಈ ಕಷ್ಟ" ಎಂದರು, ಆದರೆ ಎಣಿಸಿದರು. ಅವರು ಒಂದು ಸಲ ಏಳುವಷ್ಟರಲ್ಲಿ ನಾನು ಐದು ಸಲ ಎದ್ದು ಕೂರುತ್ತಿದ್ದೆ. ಅವರ ಮೂರಕ್ಕೆ ನನ್ನ ಹದಿನೈದು, ಅವರ ಐದಕ್ಕೆ ನನ್ನ ಇಪ್ಪತ್ತೈದು. ಕೆಲವು ದಿನಗಳ ಬಳಿಕ ನಾನು ಕುರ್ಚಿಯನ್ನು ಬಿಟ್ಟು ಪೂರ್ತಿ ಬಸ್ಕಿಗೆ ಇಳಿದೆ.

ಬಸ್ಕಿ ಎಂದಾಗ ನನಗೆ ತಾತನ ನೆನಪಾಗುತ್ತದೆ. ಮೈಸೂರಿನ ಗರಡಿಯಲ್ಲಿ ಸಾಮು ತೆಗೆದವರು ಅವರು. ಸೂತಕದಲ್ಲಿ ಗರಡಿಗೆ ಹೋಗುವಂತಿಲ್ಲದ ದಿನಗಳಲ್ಲಿಯೂ ಹಿತ್ತಲಿನ ತೆಂಗಿನಮರದ ಪಕ್ಕ ನಿಂತು ಹನ್ನೆರಡು ದಂಡ, ಹನ್ನೆರಡು ಬಸ್ಕಿ ಹೊಡೆದೇ ಸ್ನಾನಕ್ಕೆ ಹೋಗುತ್ತಿದ್ದರು. ನೂರು ಹೊಡೆಯುವವರು ಹನ್ನೆರಡಕ್ಕೆ ಏಕೆ ತೃಪ್ತರಾಗುತ್ತಿದ್ದರೆಂದು ಚಿಕ್ಕಂದಿನಲ್ಲಿ ನನಗೆ ತಿಳಿಯುತ್ತಿರಲಿಲ್ಲ. ಅದೊಂದು ಕನಿಷ್ಠ, ಎಂತಹ ದಿನದಲ್ಲಿಯೂ ಆಗುವುದಿಲ್ಲ ಎನ್ನಲಾಗದಷ್ಟು ಸಣ್ಣದು. ನಾನೂ ಒಂದು ಕನಿಷ್ಠವನ್ನು ಗೊತ್ತುಮಾಡಿಕೊಂಡೆ: ಇಪ್ಪತ್ತು ಬಸ್ಕಿ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡಿಗೆ. ಊಟದ ನಂತರ ಕಾಲಿನ ಸ್ನಾಯುಗಳು ದುಡಿದಾಗ ಅವು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನನ್ನಂತಹವರಿಗೆ ಆ ಹತ್ತು ನಿಮಿಷದ ಬೆಲೆ ದೊಡ್ಡದು.

ಲೆಕ್ಕವನ್ನು ದಿನದ ಬದಲು ವಾರದ ಪ್ರಕಾರ ಇಟ್ಟೆ. ಹಾಜರಿ ಪುಸ್ತಕದಂತೆ ಗೆರೆ ಎಳೆದ ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೆ ಐದು ಗುರುತು ಬಿದ್ದರೆ ಆ ವಾರ ಪೂರ್ಣ. ಎರಡು ದಿನ ತಪ್ಪಲು ಮೊದಲೇ ಜಾಗವಿದ್ದುದರಿಂದ, ಒಂದು ಗೈರುಹಾಜರಿಗೆ ಕಂಗೆಟ್ಟು ಎಲ್ಲವನ್ನೂ ಬಿಟ್ಟುಬಿಡುವ ನನ್ನ ಹಳೆಯ ಸ್ವಭಾವಕ್ಕೆ ಅವಕಾಶವೇ ಸಿಗಲಿಲ್ಲ. ಏಪ್ರಿಲಿನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ದಿನವಿಡೀ ಕುಳಿತು ಉತ್ತರಪತ್ರಿಕೆ ತಿದ್ದುವಾಗಲೂ ಈ ಪುಸ್ತಕ ಕೈಚೀಲದಲ್ಲಿತ್ತು. ಅಲ್ಲಿ ಮಧ್ಯಾಹ್ನದ ಊಟದ ನಂತರ ಮೊಗಸಾಲೆಯಲ್ಲಿ ಒಬ್ಬಳೇ ನಡೆಯುತ್ತಿದ್ದೆ. ಕೊನೆಯ ದಿನಗಳಲ್ಲಿ ಇನ್ನಿಬ್ಬರು ಶಿಕ್ಷಕಿಯರು ಜೊತೆಯಾದರು.

ಅತ್ತೆ ವಾಕರ್ ಬಿಟ್ಟು ಕೋಲು ಹಿಡಿದದ್ದು ಮೇ ತಿಂಗಳ ಕೊನೆಗೆ. ನಾನು ಕೆರೆಗೆ ಮರಳಿದೆ. ಬಿಟ್ಟ ಕಡೆಯಿಂದಲೇ ಹಿಡಿಯಲಿಲ್ಲ. ಮೊದಲ ವಾರ ಅರ್ಧ ದೂರ, ಎರಡನೆಯ ವಾರ ಮುಕ್ಕಾಲು, ಮೂರನೆಯ ವಾರ ಪೂರ್ತಿ ಸುತ್ತು. ಜೂನ್ ತಿಂಗಳ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ ಮತ್ತೆ 5.9 ಬಂದಿತು. ಗುರಿ ಮುಟ್ಟಲಿಲ್ಲ ನಿಜ, ಆದರೆ ನಿದ್ದೆಗೆಟ್ಟ, ಆತಂಕದ ನಾಲ್ಕು ತಿಂಗಳು ಕಳೆದ ಮೇಲೂ ಅದು ಮೇಲಕ್ಕೆ ಹೋಗಿರಲಿಲ್ಲ. ಆ ವರದಿಯನ್ನು ಹಿಡಿದು ನಾನು ಬಹಳ ಸಂತೋಷಪಟ್ಟೆ.

ಆಷಾಢದ ಜನಸಂದಣಿ ಮುಗಿದು ಶ್ರಾವಣ ಹುಟ್ಟಿದ ಮೇಲೆ, ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಪಾದಕ್ಕೆ ಹೋದೆ. ಆಸ್ಪತ್ರೆಯ ರೂಢಿಯಂತೆ 88ಕ್ಕೊಮ್ಮೆ ಎಣಿಸಿ ಒಂದು ಬೆರಳು ಮಡಚುತ್ತಿದ್ದೆ. ನನ್ನ ಮುಂದೆ ವಯಸ್ಸಾದ ಹೆಂಗಸೊಬ್ಬರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದರು, ಅವರ ಬೆರಳಿನ ಗುರುತನ್ನು ತುಳಿಯದಂತೆ ನಾನು ಮೆಟ್ಟಿಲಿನ ಅಂಚಿನಲ್ಲಿ ಕಾಲಿಡುತ್ತ ದಾಟಿ ಹೋದೆ. ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯ ಬಳಿ ನಿಂತೇ ನೀರು ಕುಡಿದೆ, ಕೂರಲಿಲ್ಲ. ಹತ್ತು ಬೆರಳೂ ಮುಗಿದು, ಹನ್ನೊಂದನೆಯ ಎಣಿಕೆಗೆ ಹೆಬ್ಬೆರಳನ್ನು ಎರಡನೆಯ ಸಲ ಮಡಚಿದಾಗ ಮೇಲಿನ ಗೋಪುರ ಕಾಣುತ್ತಿತ್ತು.

ಮನೆಗೆ ಬಂದು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಸಾಯಂಕಾಲದ್ದು ಮಾಡ್ತೀಯೋ, ಇಲ್ಲ ಇವತ್ತು ಬಿಟ್ಬಿಡ್ತೀಯೋ?" ಆ ದಿನ ನಾನು ಎಣಿಸಿದೆ, ಅವರು ಎದ್ದು ಕುಳಿತರು, ಎಂಟು ಸಲ. ಈಗ ಅವರದು ಹದಿನೈದಕ್ಕೆ ಏರಿದೆ. ಕೆರೆಯ ನಡಿಗೆ ಮೊದಲಿನಂತೆ ಬೆಳಗ್ಗೆ ನಡೆಯುತ್ತಿದ್ದರೂ ಸಂಜೆ ಆರಕ್ಕೆ ನಡುಮನೆಯಲ್ಲಿ ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕುವುದನ್ನು ನಾವು ನಿಲ್ಲಿಸಿಲ್ಲ.