ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬದಲಾಯಿಸಿದ ವೇಳಾಪಟ್ಟಿ: ನನ್ನ ಅನುಭವ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಎಂಟು ವರ್ಷಗಳಿಂದ ಮುಖ್ಯ ಶಿಕ್ಷಕಿಯಾಗಿದ್ದೇನೆ. ಸುಮಾರು ತೊಂಬತ್ತು ಮಕ್ಕಳಲ್ಲಿ ಆರು ಮಂದಿ ವಿಶೇಷ ಅಗತ್ಯವುಳ್ಳವರು. ಇವರ ಕಲಿಕೆ ಬಿ.ಐ.ಇ.ಆರ್.ಟಿ.ಯವರ (ಶಾಲೆಗಳಿಗೆ ಭೇಟಿ ಕೊಡುವ ವಿಶೇಷ ಸಂಪನ್ಮೂಲ ಶಿಕ್ಷಕರ) ಹೊಣೆ, ಮುಖ್ಯ ಶಿಕ್ಷಕರ ಕೆಲಸ ಎಸ್.ಎ.ಟಿ.ಎಸ್.ನಲ್ಲಿ (ಇಲಾಖೆಯ ವಿದ್ಯಾರ್ಥಿ ಮಾಹಿತಿಯ ಆನ್‌ಲೈನ್ ವ್ಯವಸ್ಥೆಯಲ್ಲಿ) ಮಾಹಿತಿ ತುಂಬುವುದು ಎಂದು ಮೊದಲ ಮೂರು ವರ್ಷ ನಾನೂ ನಂಬಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳು ತರಬೇತಿಯಿಂದ ಬಾಯಿಪಾಠವಾಗಿದ್ದವು. ಆದರೆ ಮೂರನೇ ತರಗತಿಯ ಹಿಂದಿನ ಸಾಲಿನ ಹುಡುಗನಿಗೆ ಸೋಮವಾರ ಬೆಳಿಗ್ಗೆ ಯಾರು, ಏನು ಕಲಿಸಬೇಕೆಂಬುದು ತಿಳಿದಿರಲಿಲ್ಲ.

ಮೊದಲು ಸೋತದ್ದು ಗಾಲಿಕುರ್ಚಿಗಾಗಿ ಕಟ್ಟಿಸಿದ ಇಳಿಜಾರಿನಲ್ಲಿ. ನಮ್ಮ ಜಗಲಿ ಅಂಗಳದಿಂದ ಎರಡು ಅಡಿ ಎತ್ತರವಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ 24 ಅಡಿ ಬೇಕಿತ್ತು. ಮೇಸ್ತ್ರಿ ಹತ್ತು ಅಡಿಯಲ್ಲೇ ಮುಗಿಸಿದ, ನಾನು ಅಳೆಯದೆ ಬಿಲ್ಲಿಗೆ ಸಹಿ ಹಾಕಿದೆ. ಹದಿನೆಂಟು ಸಾವಿರದಷ್ಟು ಹಣ ಹೋಯಿತು. ಜುಲೈ ಮಳೆಗೆ ನುಣ್ಣನೆಯ ಸಿಮೆಂಟಿನ ಮೇಲೆ ಪಾಚಿ ಕಟ್ಟಿತು. ಗಾಲಿಕುರ್ಚಿಯ ಹುಡುಗಿಯನ್ನು ಏಳನೇ ತರಗತಿಯ ಮಕ್ಕಳು ಹಿಂದಿನಂತೆಯೇ ಎತ್ತಿ ಒಳಗೆ ತರುತ್ತಿದ್ದರು. ಮರುವರ್ಷ ಅದನ್ನು ಒಡೆಸಿ, ಎಸ್.ಡಿ.ಎಂ.ಸಿ.ಯವರು (ಶಾಲಾಭಿವೃದ್ಧಿ ಸಮಿತಿಯವರು) ತೋಟದವರಿಂದ ಜಲ್ಲಿ, ಮರಳು ಕೇಳಿ ತಂದ ಮೇಲೆ, ನಡುವೆ ಸಮತಟ್ಟಾದ ತಿರುವು ಬಿಟ್ಟು 24 ಅಡಿಯನ್ನೂ ಪೂರೈಸಿದೆವು. ಕಾಂಕ್ರೀಟು ಹಸಿಯಿರುವಾಗಲೇ ತೆಂಗಿನ ಕಡ್ಡಿಯ ಪೊರಕೆಯಿಂದ ಅಡ್ಡಗೀರು ಎಳೆಸಿದೆ. ಎರಡನೆಯ ಸಲ ಒಂಬತ್ತು ಸಾವಿರ ಖರ್ಚಾಗಿರಬಹುದು. ಅರ್ಧ ನನ್ನ ಸಂಬಳದ್ದು.

ಕಲಿಕೆ ಬದಲಾದದ್ದು ವೇಳಾಪಟ್ಟಿಯಿಂದ. ಬಿ.ಐ.ಇ.ಆರ್.ಟಿ.ಯವರು ತಿಂಗಳಿಗೆ ಒಂದೆರಡು ಸಲ ಬಂದಾಗ ಈ ಮಕ್ಕಳನ್ನು ಬೇರೆ ಕೋಣೆಗೆ ಕಳಿಸುತ್ತಿದ್ದೆವು. ಅವರು ಕಲಿಸಿದ್ದನ್ನು ಮುಂದಿನ ಭೇಟಿಯವರೆಗೆ ಮುಂದುವರಿಸುವವರಿರಲಿಲ್ಲ. ಅವರು ಬಂದ ದಿನ ಮೊದಲ ಅವಧಿ ತರಗತಿ ಶಿಕ್ಷಕರೊಂದಿಗೇ ಕೂರಬೇಕೆಂದು ನಿಗದಿ ಮಾಡಿ, ಆ ಹೊತ್ತಿಗೆ ಶಿಕ್ಷಕರ ಪಾಠವನ್ನು ನಾನು ವಹಿಸಿಕೊಂಡೆ. ವೈಯಕ್ತಿಕ ಶಿಕ್ಷಣ ಯೋಜನೆಯ ದೊಡ್ಡ ನಮೂನೆಯನ್ನು ಕಡತಕ್ಕೆ ಬಿಟ್ಟು, ಪ್ರತಿ ಮಗುವಿಗೆ ಅರ್ಧ ಹಾಳೆಯಲ್ಲಿ ಹದಿನೈದು ದಿನಕ್ಕೆ ಒಂದೇ ಗುರಿ ಬರೆದೆವು: "ಕಾಫಿ ಬೀಜ ಮುಟ್ಟಿ ಎಣಿಸಿ ಹತ್ತರೊಳಗೆ ಕೂಡುವುದು." ಶನಿವಾರದ ಬೆಳಗಿನ ಶಾಲೆಯಲ್ಲಿ ಆ ಹಾಳೆ ಹಿಡಿದು ನಾನೇ ಮಗುವಿನ ಪಕ್ಕ ಕೂರುತ್ತೇನೆ. ಒಪ್ಪದಿದ್ದ ಇಬ್ಬರು ಶಿಕ್ಷಕರನ್ನು ಹೇಗೆ ಒಪ್ಪಿಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಮುಖ್ಯ ಶಿಕ್ಷಕರಿಗೆ ಬಿಸಿಯೂಟದ ಲೆಕ್ಕವೇ ಮುಗಿಯದು, ಇದು ನಡೆಯದ ಮಾತು ಎಂದು ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಹಿರಿಯರೊಬ್ಬರು ಹೇಳಿದ್ದರು. ಎರಡು ವರ್ಷಗಳಲ್ಲಿ ಆರರಲ್ಲಿ ನಾಲ್ವರು ಸರಳ ವಾಕ್ಯ ಓದಿದರು; ಕಳೆದ ವರ್ಷ ಆ ಹಿರಿಯರೇ ನಮ್ಮ ಹಾಳೆಯ ನಕಲನ್ನು ಕೇಳಿ ಒಯ್ದರು.

ವೈದ್ಯರ ತಪಾಸಣೆಯ ಮೇಲೆ ಸಿಗುವ ವೈಕಲ್ಯದ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗಾಗಿ ಚಿಕ್ಕಮಗಳೂರಿಗೆ ಹೋಗಿಬರಲು ಪೋಷಕರ ಒಂದು ದಿನದ ಕೂಲಿ ಹೋಗುತ್ತದೆ. ಒಂದು ಕುಟುಂಬ ಮೂರು ಸಲ ಅಲೆದು ಬರಿಗೈಯಲ್ಲಿ ಮರಳಿತು. ಕೊಯ್ಲಿನ ತಿಂಗಳುಗಳನ್ನು ಬಿಟ್ಟು, ಭಾರೀ ಮಳೆಗೆ ತೋಟದ ಕೆಲಸ ನಿಲ್ಲುವ ವಾರಗಳಲ್ಲಿ, ವೈದ್ಯರು ಇರುವರೆಂದು ಫೋನಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಈಗ ಒಂದೇ ಜೀಪಿನಲ್ಲಿ ಎಲ್ಲರನ್ನೂ ಕರೆದೊಯ್ಯುತ್ತೇನೆ.

ಇನ್ನೊಂದು ಪ್ರಯೋಗವೂ ಫಲ ಕೊಟ್ಟಿದೆ. ಶ್ರವಣಸಾಧನ ತೊಟ್ಟ ಹುಡುಗ ಜೂನ್ ಬಂತೆಂದರೆ ಅದನ್ನು ಕಿತ್ತು ಜೇಬಿಗೆ ಹಾಕುತ್ತಿದ್ದ. ಹಟವೆಂದು ಗದರಿಸಿದ್ದೆ, ಆಮೇಲೆ ಒಂದು ದಿನ ಅವನ ಜಾಗದಲ್ಲಿ ಕೂತಾಗ, ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಆ ಯಂತ್ರ ಹಿಗ್ಗಿಸಿ ಕೇಳಿಸುತ್ತದೆಂಬುದು ಹೊಳೆಯಿತು. ಹಳೆಯ ಕಾಫಿ ಗೋಣಿಚೀಲಗಳನ್ನು ಎರಡು ಪದರ ಹೊಲಿಸಿ ಜಂತೆಯ ಕೆಳಗೆ ಕಟ್ಟಿಸಿದೆ, ಅವನನ್ನು ಶಿಕ್ಷಕರ ಮುಖ ಕಾಣುವಂತೆ ಮುಂದೆ ಕೂರಿಸಿದೆ. ಸದ್ದು ಪೂರ್ತಿ ಅಡಗಲಿಲ್ಲ, ಆದರೆ ಸಾಧನ ಈಗ ಕಿವಿಯಲ್ಲೇ ಉಳಿಯುತ್ತದೆ. ಚಿಕ್ಕ ತರಗತಿಗಳ ನಲಿ-ಕಲಿ ಕೋಣೆಗೂ ಮಳೆಗಾಲಕ್ಕೆ ಮೊದಲು ಕಟ್ಟಿಸಬೇಕಿದ್ದು, ನಲವತ್ತು ಚೀಲ ಬೇಕಾದಲ್ಲಿ ಇಪ್ಪತ್ತಾರು ಕೂಡಿವೆ.